ಏಳನೆಯ ಸೀಸೆ

ಉಗುಳಬೇಕಾಗಿದ್ದ ಗುಟುಕನ್ನು ಮಾರ್ಸ್ಯಾಲ್ ದುಸ್ಸೋ ನುಂಗಿಬಿಟ್ಟ. ಮೂವತ್ತೊಂದು ವರ್ಷದಿಂದ ಷತೋ ಪೆರ್ದಿಗಾಲ್ ಎಂಬ ದ್ರಾಕ್ಷಿತೋಟದ ಪೀಪಾಯಿಮನೆಯನ್ನು ನೋಡಿಕೊಂಡು ಬಂದವನು, ಒಂದೊಂದು ಬೆಳಿಗ್ಗೆ ಎಂಬತ್ತು ಸಲ ವೈನನ್ನು ಬಾಯಿಗೆ ಹಾಕಿಕೊಂಡು ಎಂಬತ್ತು ಸಲವೂ ಮರದ ಹೊಟ್ಟು ತುಂಬಿದ ಪೆಟ್ಟಿಗೆಗೆ ಗುರಿ ತಪ್ಪದೆ ಉಗುಳಿ, ಮಧ್ಯಾಹ್ನ ಏನೂ ಆಗದವನಂತೆ ಟ್ರ್ಯಾಕ್ಟರ್ ಹತ್ತುತ್ತಿದ್ದವನು, ಇವತ್ತು ಹತ್ತು ಗಂಟೆಗೆ, ಖಾಲಿ ಹೊಟ್ಟೆಯಲ್ಲಿ, ಏಳನೆಯ ಸೀಸೆಯ ಮೊದಲ ಗುಟುಕನ್ನೇ ಗಂಟಲಿಗೆ ಇಳಿಸಿಕೊಂಡಿದ್ದ. ಇಳಿಸಿಕೊಂಡ ಮೇಲೆ ಉಗುಳುವ ನಟನೆ ಮಾಡಿದ. ಪೆಟ್ಟಿಗೆಯ ಮೇಲೆ ಬಾಗಿ, ತುಟಿ ಮುಂದೆ ಚಾಚಿ, ಏನೂ ಇಲ್ಲದ ಬಾಯಿಂದ ಪುಚಕ್ಕೆಂದು ಶಬ್ದ ಹೊರಡಿಸಿ ಕರವಸ್ತ್ರದಲ್ಲಿ ತುಟಿ ಒರೆಸಿಕೊಂಡ. ಐವತ್ತನಾಲ್ಕು ವರ್ಷದ ಗಂಡಸು ಮಾಡುವ ಕೆಲಸವೇ ಇದು ಅನ್ನಿಸಿ, ಅನ್ನಿಸಿದ್ದಕ್ಕೇ ನಗು ಉಕ್ಕಿ ಬಂದು, ಅದನ್ನು ಕೆಮ್ಮಾಗಿ ತಿರುಗಿಸಿದ. ಮೇಜಿನ ಆಚೆ ಬದಿಯಲ್ಲಿ ಮೊಸ್ಯೂ ತಿಬೋ ಸೆರ್ವಾಲ್ ಅದೇ ಏಳನೆಯದನ್ನು ಬಾಯಲ್ಲಿ ಹೊರಳಿಸುತ್ತ ಕಣ್ಣು ಮುಚ್ಚಿ ನಿಂತಿದ್ದರು.

ಫೆಬ್ರುವರಿಯ ಎರಡನೆಯ ಮಂಗಳವಾರ ಅಲ್ಲಿ ಮಿಶ್ರಣದ ದಿನ. ಹಿಂದಿನ ಶರತ್ಕಾಲದಲ್ಲಿ ಕೊಯ್ದ ದ್ರಾಕ್ಷಿ ಒಂದೊಂದು ತುಂಡು ನೆಲದಿಂದ ಬೇರೆ ಬೇರೆಯಾಗಿ ಬಂದು, ಬೇರೆ ಬೇರೆ ತೊಟ್ಟಿಗಳಲ್ಲಿ ಹುದುಗಿ, ಒಂದರ ಮುಖ ಒಂದು ನೋಡದೆ ಚಳಿಗಾಲ ಕಳೆದಿರುತ್ತದೆ. ಈ ದಿನ ಎಲ್ಲವನ್ನೂ ಒಂದೇ ಮೇಜಿಗೆ ಕರೆದು ಯಾರ ಪಕ್ಕ ಯಾರು, ಯಾರದು ಎಷ್ಟು ಪಾಲು ಎಂದು ಗೊತ್ತುಮಾಡಬೇಕು. ಮಾರ್ಸ್ಯಾಲನಿಗೆ ಆ ದ್ರಾಕ್ಷಿ ಜಾತಿಗಳೆಲ್ಲ ನೆಂಟರಿದ್ದ ಹಾಗೆ. ಗರಸು ಕಲ್ಲಿನ ದಿಬ್ಬದಿಂದ ಬರುವ ಕಬೆರ್ನೆ ಸೊವಿನ್ಯೋ ಬೆನ್ನು ನೆಟ್ಟಗೆ ಮಾಡಿ ಕುರ್ಚಿಯ ತುದಿಯಲ್ಲಿ ಕೂರುವ ಸೋದರಮಾವ. ಹತ್ತು ವರ್ಷ ಸುಮ್ಮನಿದ್ದು ಆಮೇಲೆ ಒಂದು ಮಾತಾಡುತ್ತಾನೆ. ಜೇಡಿಮಣ್ಣಿನ ಮೆರ್ಲೋ ಬಂದವರನ್ನೆಲ್ಲ ಮಡಿಲಿಗೆ ಎಳೆದುಕೊಳ್ಳುವ ದಪ್ಪನೆಯ ಅತ್ತೆ. ಕಬೆರ್ನೆ ಫ್ರಾಂ ಎಲ್ಲರಿಗೂ ಬೇಕಾದ, ಬಿಟ್ಟರೆ ಯಾರಿಗೂ ನೆನಪಾಗದ ಚಿಕ್ಕಪ್ಪ. ಮಾವನಿಲ್ಲದಿದ್ದರೆ ಮನೆಗೆ ಬೆನ್ನುಮೂಳೆ ಇಲ್ಲ, ಅತ್ತೆ ಇಲ್ಲದಿದ್ದರೆ ಊಟವಿಲ್ಲ. ಇದನ್ನು ಒಂದು ಸಲ ಹೆಂಡತಿ ನೊಯೆಲಿಗೆ ಹೇಳಿದಾಗ ಅವಳು ಬಟಾಣಿ ಸುಲಿಯುತ್ತ, "ಪೀಪಾಯಿಗಳ ಜೊತೆ ಇದ್ದೂ ಇದ್ದೂ ನಿಂಗೆ ಮನುಷ್ಯರ ಸಹವಾಸ ಮರ್ತೋಗಿದೆ" ಅಂದಿದ್ದಳು.

ಪ್ರತಿ ವರ್ಷ ಮೇಜಿನ ಮೇಲೆ ಆರು ಸೀಸೆ. ಈ ವರ್ಷ ಏಳು. ಏಳನೆಯದರ ಕತ್ತಿಗೆ ಅಂಟಿಸಿದ ಚೀಟಿಯಲ್ಲಿ ಮಾರ್ಸ್ಯಾಲ್ ತನ್ನ ಕೈಯಾರೆ "ಕಬೆರ್ನೆ, ಕೆಳ ಇಳಿಜಾರು" ಎಂದು ಬರೆದಿದ್ದ. ಅದು ಸುಳ್ಳು. ಒಳಗಿದ್ದದ್ದು ಪೆತಿ ವೆರ್ದೋ, ನದಿಯ ಏರಿಯ ಪಕ್ಕದ ಹನ್ನೊಂದು ಸಾಲಿನದು, ಮೂರು ವರ್ಷದ ಹಿಂದೆಯೇ ಕಿತ್ತುಹಾಕಿದ್ದಾಗಿ ಕಾಗದದಲ್ಲಿದ್ದ ಹನ್ನೊಂದು ಸಾಲಿನದು. ಕಿತ್ತುಹಾಕಿ ಎಂದು ಸೆರ್ವಾಲ್ ಹೇಳಿದ್ದರು, ತೋಟದ ಒಡತಿ ಮದಾಮ್ ಲಬಾರೇರ್ ಆಗಲಿ ಎಂದಿದ್ದರು, ಮಾರ್ಸ್ಯಾಲ್ ಆಯಿತು ಎಂದು ಕಾಗದದಲ್ಲಿ ಬರೆದುಕೊಟ್ಟಿದ್ದ. ಬಳ್ಳಿಗಳು ಮಾತ್ರ ಇದ್ದಲ್ಲೇ ಇದ್ದವು. ಸುಳ್ಳು ಮೂರು ವರ್ಷ ಬಾಳಿದ್ದಕ್ಕೆ ಅವನ ಜಾಣತನ ಏನೂ ಕಾರಣವಲ್ಲ. ಮದಾಮ್‌ಗೆ ಎಂಬತ್ತೊಂದು, ಮಂಡಿನೋವು. ಮನೆಯಿಂದ ಪೀಪಾಯಿಮನೆಗೆ ಬರುವುದೇ ಅವರಿಗೆ ಯಾತ್ರೆ. ಬೋರ್ದೋ ಪಟ್ಟಣದ ಪರಿಣತ ಸೆರ್ವಾಲ್ ವರ್ಷಕ್ಕೆ ನಾಲ್ಕು ಸಲ ಬರುವವರು, ನಲವತ್ತು ತೋಟಗಳಿಗೆ ಸಲಹೆ ಕೊಡುವವರು. ಕೆಸರಿನ ಕಡೆ ಕಾಲಿಟ್ಟವರಲ್ಲ. ಪೆತಿ ವೆರ್ದೋ ಎಲ್ಲಕ್ಕಿಂತ ಕೊನೆಗೆ ಹಣ್ಣಾಗುವ ಜಾತಿ, ಹತ್ತರಲ್ಲಿ ಏಳು ವರ್ಷ ಹಣ್ಣೇ ಆಗದ ಜಾತಿ. ಮೊದಲೆರಡು ವರ್ಷ ಗೊಂಚಲುಗಳು ಹುಳಿಯಾಗೇ ಉಳಿದು ಕೊಳೆತವು. ಕದ್ದು ಉಳಿಸಿಕೊಂಡದ್ದೂ ದಂಡವಾಯಿತಲ್ಲ ಎಂದು ಅವನು ಬುಟ್ಟಿಗಟ್ಟಲೆ ಹಳ್ಳಕ್ಕೆ ಸುರಿದು ಬಂದಿದ್ದ. ಆದರೆ ಈ ಸಲದ ಸೆಪ್ಟೆಂಬರಿನ ಬಿಸಿಲು ಅಕ್ಟೋಬರಿಗೂ ಉಳಿಯಿತು. ಎರಡು ಭಾನುವಾರ ನೊಯೆಲಿ ಮತ್ತು ಅವನು ಇಬ್ಬರೇ ಕೂತು ಕೊಯ್ದರು. ಅವಳ ಬೆರಳ ಗಿಣ್ಣುಗಳು ಊದಿಕೊಂಡಿದ್ದವು. "ಈ ಕಳ್ಳ ದ್ರಾಕ್ಷಿಗೆ ಇಷ್ಟು ಕಪ್ಪು ಬಣ್ಣ ಯಾಕಪ್ಪಾ, ಕೈ ನೋಡಿದ್ರೇ ಸಿಕ್ಕಿಬೀಳ್ತೀವಿ" ಎನ್ನುತ್ತ ಕೊಯ್ದಳು. ಹಳೆಯ ಗಾಣದ ಹಿಂದೆ, ಗೋಣಿ ಮುಚ್ಚಿದ ಮೂರು ಪೀಪಾಯಿಗಳಲ್ಲಿ ಅದು ನಾಲ್ಕು ತಿಂಗಳು ಉಸಿರಾಡಿತ್ತು.

"ಇದು ಯಾವುದು?" ಸೆರ್ವಾಲ್ ಉಗುಳಿ ಕಣ್ಣು ಬಿಟ್ಟರು.

"ಚೀಟೀಲಿ ಇದೆ ಮೊಸ್ಯೂ. ಕೆಳಗಿನ ಇಳಿಜಾರಿನ ಕಬೆರ್ನೆ. ಈ ಸಲ ಬೇರೆ ತೆಗೆದಿಟ್ಟೆ."

"ಯಾಕೆ ತೆಗೆದಿಟ್ರಿ?"

"ಒಂಥರಾ ಬೇರೆ ಕಾಣಿಸ್ತು."

"ಬೇರೇನೇ. ಬಣ್ಣ ನೋಡಿ ಮದಾಮ್, ಶಾಯಿ ಇದ್ದ ಹಾಗಿದೆ. ಮೂಗಿಟ್ರೆ ನೇರಳೆ ಹೂವು. ಕೆಳಗಿನ ಇಳಿಜಾರನ್ನ ನಂಬಿ ಅಂತ ನಾನು ಎಷ್ಟು ವರ್ಷದಿಂದ ಹೇಳ್ತಿದೀನಿ?"

"ಹೇಳ್ತಾನೇ ಇದೀರಿ," ಎಂದರು ಮದಾಮ್. ಒಲೆಯ ಪಕ್ಕ, ಕಂಬಳಿ ಹೊದ್ದು, ಮೊಣಕಾಲಿನ ಮೇಲೆ ಗ್ಲಾಸು ಇಟ್ಟುಕೊಂಡು ಕೂತಿದ್ದರು.

ಸೆರ್ವಾಲ್ ಕೋಟು ಬಿಚ್ಚಿ ಕುರ್ಚಿಗೆ ನೇತುಹಾಕಿದರು. ಗಾಜಿನ ಅಳತೆಗೊಳವೆ ಎತ್ತಿಕೊಂಡು ನೂರರಲ್ಲಿ ಅರವತ್ತು ಭಾಗ ದಿಬ್ಬದ ಕಬೆರ್ನೆ, ಇಪ್ಪತ್ತೆಂಟು ಮೆರ್ಲೋ, ಆರು ಫ್ರಾಂ ಸುರಿದು, ಉಳಿದ ಆರಕ್ಕೆ ಏಳನೆಯ ಸೀಸೆಯನ್ನು ಬಗ್ಗಿಸಿದರು. ಮೂವರಿಗೂ ಹಂಚಿದರು. ಮಾರ್ಸ್ಯಾಲ್ ಮೂಸಿದ. ನೆಂಟರೆಲ್ಲ ತಲೆ ತಗ್ಗಿಸಿ ಉಣ್ಣುತ್ತಿದ್ದ ಕೋಣೆಗೆ ಆಮಂತ್ರಣವಿಲ್ಲದೆ ಒಬ್ಬ ಬಂದು, ಬಾಗಿಲಲ್ಲೇ ಏನೋ ಗಟ್ಟಿಯಾಗಿ ಅಂದು, ಇಡೀ ಪಂಕ್ತಿ ಮುಖ ಎತ್ತಿದ ಹಾಗಾಯಿತು. ಸೋದರಮಾವ ಮಾತಾಡುತ್ತಿದ್ದ. ಅತ್ತೆ ಸೆರಗು ಸರಿಮಾಡಿಕೊಂಡಳು. ಈ ಗುಟುಕನ್ನಾದರೂ ಉಗುಳಬೇಕೆಂದು ಅವನು ಪೆಟ್ಟಿಗೆಯವರೆಗೆ ಹೋದ, ಹೋಗಿ ನುಂಗಿದ. ಮತ್ತೆ ಸುರಿದುಕೊಂಡ, ಮತ್ತೆ ನುಂಗಿದ. ಕಿವಿಯ ತುದಿ ಬಿಸಿಯಾಗಿ, ಕಿಟಕಿಯಾಚೆ ಅರಳಿನಿಂತ ಹಳದಿ ಮಿಮೋಸಾ ಮರ ಒಂದು ಗೇಣು ಹತ್ತಿರ ಬಂತು. ನನ್ನ ಸುಳ್ಳನ್ನು ಈ ಮನುಷ್ಯ ತನ್ನ ಕೈಯಾರೆ ಅಳೆದು ಹಾಕಿದ, ಆರು ಭಾಗ, ಒಂದು ಹನಿ ಹೆಚ್ಚಿಲ್ಲ ಕಡಿಮೆಯಿಲ್ಲ ಎಂದು ಅವನ ಒಳಗೆ ಏನೋ ಕುಣಿಯತೊಡಗಿತು. ಇಷ್ಟೇ ಸಾಕಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ವೈನು ಸೇರುತ್ತಿತ್ತು, ಬಳ್ಳಿ ಉಳಿಯುತ್ತಿತ್ತು, ಸುಳ್ಳು ಇನ್ನೊಂದು ಇಪ್ಪತ್ತು ವರ್ಷ ಸುಖವಾಗಿ ಬಾಳುತ್ತಿತ್ತು.

"ಮದಾಮ್," ಎಂದರು ಸೆರ್ವಾಲ್, "ಇದನ್ನ ಕುಡಿದ ಮೇಲೆ ನನಗೆ ಅನುಮಾನವೇ ಉಳಿದಿಲ್ಲ. ಕೆಳಗಿನ ಇಳಿಜಾರಲ್ಲಿ ಅರ್ಧ ನೆಲವನ್ನ ಮೆರ್ಲೋಗೆ ಕೊಟ್ಟು ಕೂತಿದೀವಿ. ಬರೋ ತಿಂಗಳೇ ಅದನ್ನ ಕಿತ್ತುಬಿಡೋಣ. ಪೂರ್ತಿ ಕಬೆರ್ನೆ ಹಾಕೋಣ."

"ಕೀಳೋದಾ? ಅದು ನನ್ನ ಗಂಡ ಇದ್ದಾಗ ಹಾಕಿದ್ದು, ತಿಬೋ. ನಲವತ್ತು ವರ್ಷದ ಬಳ್ಳಿ."

"ಬಳ್ಳಿ ಹಳೇದು ಅಂತ ಉಳಿಸಿಕೊಳ್ಳೋಕಾಗುತ್ತಾ? ನೆಲ ಏನು ಕೇಳ್ತಿದೆ ಅಂತ ಈ ಗ್ಲಾಸೇ ಹೇಳ್ತಿದೆಯಲ್ಲ."

ಗ್ಲಾಸು ಹಾಗೆ ಏನೂ ಹೇಳುತ್ತಿಲ್ಲ ಎಂದು ಗೊತ್ತಿದ್ದವನು ಆ ಕೋಣೆಯಲ್ಲಿ ಒಬ್ಬನೇ. ಆ ಮೆರ್ಲೋ ಬಳ್ಳಿಗಳ ಒಂದೊಂದರ ಸೊಂಟ ಎಲ್ಲಿ ಬಾಗಿದೆ ಎಂಬುದು ಮಾರ್ಸ್ಯಾಲನಿಗೆ ಕತ್ತರಿ ಹಿಡಿದ ಕೈಗೇ ಗೊತ್ತು. ಹನ್ನೊಂದು ಸಾಲು ಉಳಿಸಲು ಹೇಳಿದ ಸುಳ್ಳು ಈಗ ಎರಡು ಎಕರೆಯನ್ನು ತಿನ್ನುವುದಕ್ಕೆ ಹೊರಟಿತ್ತು. ಹೆದರಿಕೆ ಆಗಬೇಕಿತ್ತು. ಬದಲಿಗೆ, ಏಣಿಯ ಕೊನೆಯ ಮೆಟ್ಟಿಲು ಇದೆಯೆಂದು ಕಾಲಿಟ್ಟಾಗ ಇಲ್ಲದೇ ಹೋದರೆ ಹೊಟ್ಟೆ ಹಗುರಾಗುತ್ತದಲ್ಲ, ಹಾಗಾಯಿತು.

"ಅದು ಕಬೆರ್ನೆ ಅಲ್ಲ," ಎಂದ.

"ಏನು?"

"ಏಳನೇದು. ಕಬೆರ್ನೆ ಅಲ್ಲ. ಪೆತಿ ವೆರ್ದೋ. ಏರಿ ಪಕ್ಕದ್ದು. ನಾನು ಅದನ್ನ ಕಿತ್ತಿಲ್ಲ, ಮದಾಮ್. ಕಿತ್ತೆ ಅಂತ ಬರ್ಕೊಟ್ಟಿದ್ದು ಸುಳ್ಳು."

ಸೆರ್ವಾಲರ ಮುಖ ಮೊದಲು ಬಿಳಿಚಿಕೊಂಡು ಆಮೇಲೆ ಕೆಂಪಾಯಿತು. ಅವರು ಏಳನೆಯ ಸೀಸೆಯಿಂದ ಮತ್ತೊಮ್ಮೆ ಸುರಿದುಕೊಂಡು, ನಿಧಾನವಾಗಿ ಬಾಯಾಡಿಸಿ, ಉಗುಳಿದರು. "ಹೌದು. ಈಗ ಹಸಿ ತೊಗಟೆ ಗೊತ್ತಾಗ್ತಿದೆ. ಕೊನೇಲಿ ಒರಟು. ಮೊದಲೇ ನನಗೆ ಏನೋ ಇರುಸುಮುರುಸು ಅನ್ನಿಸಿತ್ತು."

"ನೇರಳೆ ಹೂವು ಅಂದ್ರಲ್ಲ ಮೊಸ್ಯೂ," ಎಂದ ಮಾರ್ಸ್ಯಾಲ್. ತನ್ನ ಬಾಯಿಂದ ಇಂಥ ಮಾತು ಬರುತ್ತಿದೆಯೆಂದು ಅವನಿಗೇ ಬೆರಗು.

"ಮದಾಮ್, ಈ ಮನುಷ್ಯನನ್ನ ಏನು ಮಾಡ್ತೀರೋ ನಿಮಗೆ ಬಿಟ್ಟಿದ್ದು. ವೈನ್ ವಿಷಯ ನನ್ನದು. ಏಳನೇದು ಬೇಡ. ಅದಿಲ್ಲದೆ ಮಿಶ್ರಣ ಮಾಡೋಣ."

"ಮಾಡಿ," ಎಂದರು ಮದಾಮ್. "ಅದಿಲ್ಲದೆ ಒಂದು ಮಾಡಿ. ಅದಿರೋದು ಆಗಲೇ ಇದೆ. ಆಮೇಲೆ ಇಬ್ಬರೂ ಸ್ವಲ್ಪ ಹೊರಗೆ ನಿಂತ್ಕೊಳ್ಳಿ. ನಾನು ಸುರಿದು ಕರೀತೀನಿ. ಯಾವುದು ಚೆಂದ ಅಂತ ಬೆರಳು ತೋರಿಸಿ, ಅಷ್ಟೇ."

ಅಂಗಳದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಅಡ್ಡಮುಖ ಮಾಡಿ ನಿಂತರು. ಕಡಲಿಗೆ ಹತ್ತಿರದ ನದಿಯ ಕಡೆಯಿಂದ ಉಪ್ಪು ಗಾಳಿ ಬರುತ್ತಿತ್ತು. ಮಾರ್ಸ್ಯಾಲ್ ಗೋಡೆಗೆ ಬೆನ್ನು ಕೊಟ್ಟ, ಕೊಡದಿದ್ದರೆ ಓಲಾಡುತ್ತಿದ್ದ. ಮೂರು ವರ್ಷದ ಹಿಂದಿನ ಜೂನ್ ತಿಂಗಳಲ್ಲೂ ಇಬ್ಬರೂ ಹೀಗೇ ಅಕ್ಕಪಕ್ಕ ನಿಂತಿದ್ದರು, ಒಳಗೆ, ಬೆಲ್ಜಿಯಮ್ಮಿನಿಂದ ಬಂದ ಎಂಟು ಮಂದಿ ವ್ಯಾಪಾರಿಗಳ ಮುಂದೆ. ಚೀಟಿ ಕಾಣದ ಒಂದು ಗ್ಲಾಸನ್ನು ಯಾರೋ ಅವನ ಕೈಗೆ ಕೊಟ್ಟು ಯಾವುದಿರಬಹುದು ಅಂದರು. ಅವನು ಎರಡು ಸಲ ಮೂಸಿ, ಒಂದು ಸಲ ಬಾಯಾಡಿಸಿ, ಸಂಶಯವೇ ಬೇಡ, ಕಬೆರ್ನೆ ಫ್ರಾಂ, ಎಂದು ಸ್ವಲ್ಪ ಗಟ್ಟಿಯಾಗೇ ಹೇಳಿದ. ಆಗ ಸೆರ್ವಾಲ್ ನಕ್ಕರು. ದೊಡ್ಡ ನಗುವಲ್ಲ, ಮೂಗಿನಲ್ಲಿ ಬಂದು ಮೂಗಿನಲ್ಲೇ ಮುಗಿದದ್ದು. "ಮೆರ್ಲೋ ಅದು, ನಮ್ಮ ಮಾರ್ಸ್ಯಾಲ್. ನಿಮ್ಮ ಕೈಯಲ್ಲೇ ಬೆಳೆದ ಮೆರ್ಲೋ." ಎಂಟು ಮಂದಿಯೂ ಸಭ್ಯವಾಗಿ ನಕ್ಕರು. ಒಬ್ಬ ಹೆಂಗಸು ಮಾತ್ರ ನಗದೆ, ಅವನ ಕಡೆ ತಿರುಗಿ ಈ ಕಟ್ಟಡ ಎಷ್ಟು ಹಳೆಯದು ಎಂದು ಕೇಳಿದಳು. ಆ ಕರುಣೆಯನ್ನು ಅವನು ಇವತ್ತಿಗೂ ಕ್ಷಮಿಸಿರಲಿಲ್ಲ. ಅದೇ ವಾರ ಹನ್ನೊಂದು ಸಾಲು ಕೀಳಬೇಕೆಂಬ ಆಜ್ಞೆ ಬಂತು. ಈಗ ಅದೇ ಗ್ಲಾಸು ಮತ್ತೆ ಬರುತ್ತಿದೆ. ಈ ಸಲ ತಪ್ಪುವುದು ಸಾಧ್ಯವಿಲ್ಲ. ಆ ಬಳ್ಳಿಯ ವಾಸನೆ ನನ್ನ ಉಗುರಿನಡಿಯಲ್ಲಿದೆ, ನೊಯೆಲಿಯ ಕೂದಲಲ್ಲಿತ್ತು, ನಾಲ್ಕು ತಿಂಗಳು ದಿನವೂ ಗೋಣಿ ಸರಿಸಿ ಮೂಗಿಟ್ಟಿದ್ದೇನೆ ಎಂದುಕೊಂಡು ಅವನು ಒಳಗೊಳಗೇ ಶಿಳ್ಳೆ ಹಾಕುತ್ತಿದ್ದ.

ಒಳಗೆ ಮೇಜಿನ ಮೇಲೆ ಇಬ್ಬರಿಗೂ ಎರಡೆರಡು ಗ್ಲಾಸು. ಒಂದೊಂದು ಜೊತೆಯಲ್ಲಿ ಒಂದರ ಬುಡದಡಿ ಮದಾಮ್ ಸೀಮೆಸುಣ್ಣದ ಗುರುತು ಹಾಕಿದ್ದರು. ಯಾವುದಕ್ಕೆ ಎಂದು ಅವರಿಗೆ ಮಾತ್ರ ಗೊತ್ತು. ಮಾರ್ಸ್ಯಾಲ್ ಎಡಗಡೆಯದನ್ನು ಕುಡಿದ. ಬಲಗಡೆಯದನ್ನು ಕುಡಿದ. ಮತ್ತೆ ಎಡ. ಎಡಗಡೆಯದು ಉದ್ದಕ್ಕೆ ಹರಿದು, ಅಂಚೆಲ್ಲ ನಯವಾಗಿ, ಬಹಳ ದಿನದ ಮೇಲೆ ಊರಿಗೆ ಬಂದವನಿಗೆ ಮನೆಯ ದೀಪ ಕಂಡಂತೆ ಎದೆಗೆ ಇಳಿಯಿತು. ಬಲಗಡೆಯದರಲ್ಲಿ ಏನೋ ಮೊಣಕೈ ತಿವಿಯುತ್ತಿತ್ತು. ಇದೇ, ಎಡಗಡೆಯದೇ ನನ್ನದು, ಈ ಬಿಸುಪು ಏರಿಯ ಮಣ್ಣಿನದು, ಎಂದು ಅವನ ಕಣ್ಣು ತೇವವಾಯಿತು. ಬೆರಳು ಎಡಕ್ಕೆ ತೋರಿಸಿದ. ಸೆರ್ವಾಲ್ ಬಹಳ ಹೊತ್ತು ತೆಗೆದುಕೊಂಡರು. ಮೂರು ಸಲ ಉಗುಳಿದರು. ನಾಲಿಗೆ ಬೇರೆ ಏನಾದರೂ ಹೇಳಿದ್ದರೆ ಚೆನ್ನಾಗಿತ್ತು ಎಂದು ಅವರಿಗೆ ಅನ್ನಿಸಿದ್ದು ಕತ್ತಿನ ನರದಲ್ಲಿ ಕಾಣುತ್ತಿತ್ತು. ಕೊನೆಗೆ ಬಲಕ್ಕೆ ತೋರಿಸಿದರು.

"ಎತ್ತಿ ನೋಡಿ," ಎಂದರು ಮದಾಮ್. "ಗುರುತು ಇರೋದು ಏಳನೇದು ಸೇರಿರೋದು."

ಮಾರ್ಸ್ಯಾಲ್ ತನ್ನ ಎಡಗಡೆಯ ಗ್ಲಾಸನ್ನು ಎತ್ತಿದ. ಬುಡದಲ್ಲಿ ಏನೂ ಇರಲಿಲ್ಲ. ಇನ್ನೂ ಎತ್ತರಕ್ಕೆ ಹಿಡಿದು ಬೆಳಕಿಗೆ ತಿರುಗಿಸಿದ. ಆಗಲೂ ಇರಲಿಲ್ಲ. ಸೆರ್ವಾಲರ ಬಲಗಡೆಯ ಗ್ಲಾಸಿನ ಕೆಳಗೆ ದಪ್ಪನೆಯ ಬಿಳಿ ಗೀರು.

ಮೊದಲು ನಕ್ಕವನು ಮಾರ್ಸ್ಯಾಲ್. ಈ ಸಲ ಕೆಮ್ಮಾಗಿ ತಿರುಗಿಸಲು ಆಗಲಿಲ್ಲ. ಹೊಟ್ಟೆಯಿಂದ ಎದ್ದು, ಭುಜ ಅಲುಗಿಸಿ, ಕಣ್ಣೀರು ಬರಿಸಿ ಅದು ಅವನನ್ನು ಕುರ್ಚಿಗೆ ಕೂರಿಸಿತು. ಮೂರು ವರ್ಷ ಬಚ್ಚಿಟ್ಟು ಸಾಕಿದ ಮಗುವನ್ನು ಜಾತ್ರೆಯ ಗುಂಪಿನಲ್ಲಿ ಗುರುತು ಹಿಡಿಯದೆ ಪಕ್ಕದ ಮನೆಯವರ ಮಗುವನ್ನು ಎತ್ತಿ ಮುದ್ದಾಡಿದ ಹಾಗೆ. ಸೆರ್ವಾಲ್ ನಗಲಿಲ್ಲ. ಕನ್ನಡಕ ತೆಗೆದು ಒರೆಸುತ್ತಿದ್ದರು. ತೆಗೆದಾಗ ಅವರ ಕಣ್ಣು ಚಿಕ್ಕದಾಗಿ, ನಿದ್ದೆ ಸಾಲದವರ ಕಣ್ಣಿನಂತೆ ಕಂಡಿತು.

"ನಗೋದು ಸಾಕು," ಎಂದರು ಮದಾಮ್. "ಯಾಕೆ ಕೀಳಲಿಲ್ಲ ಹೇಳು."

ಈ ಪ್ರಶ್ನೆಗೆ ಉತ್ತರ ಮೂರು ವರ್ಷದಿಂದ ಸಿದ್ಧವಾಗಿತ್ತು. ಏರಿಯ ಮಣ್ಣಿನ ಬಗ್ಗೆ, ತಣ್ಣನೆಯ ರಾತ್ರಿಗಳಲ್ಲಿ ನದಿ ಅಲ್ಲಿ ಹಿಮ ಬೀಳದಂತೆ ಕಾಯುವುದರ ಬಗ್ಗೆ, ಒಂದು ಬಳ್ಳಿಗೂ ಒಂದು ಮನುಷ್ಯನಿಗೂ ಇರುವ ಮಾತಿನ ಬಗ್ಗೆ. ಟ್ರ್ಯಾಕ್ಟರಿನ ಮೇಲೆ ಕೂತು ಎಷ್ಟೋ ಸಲ ಅದನ್ನು ಒಪ್ಪಿಸಿ, ತಾನೇ ಕೇಳಿ, ತಾನೇ ತಲೆದೂಗಿದ್ದ. ಬಾಯಿ ತೆರೆದಾಗ ಹೊರಗೆ ಬಂದದ್ದು ಬೇರೆ ಮಾತು.

"ಇವರು ನನ್ನನ್ನ ನೋಡಿ ನಕ್ಕಿದ್ರು," ಎಂದ. "ಬೆಲ್ಜಿಯಮ್‌ನೋರ ಮುಂದೆ. ಅದಕ್ಕೆ ಕೀಳಲಿಲ್ಲ. ಬಳ್ಳಿ ಮೇಲೆ ಪ್ರೀತಿಗೇನಲ್ಲ. ಪ್ರೀತಿ ಆಮೇಲೆ ಬಂತು."

"ನಾನಾ?" ಸೆರ್ವಾಲ್ ಕನ್ನಡಕ ಹಾಕಿಕೊಳ್ಳುವುದನ್ನು ನಿಲ್ಲಿಸಿದರು. "ನಾನು ನಕ್ಕೆನಾ? ಯಾವಾಗ?"

"ಜೂನ್‌ನಲ್ಲಿ. ಮೂರು ವರ್ಷ ಆಯ್ತು. ಮೆರ್ಲೋನ ಫ್ರಾಂ ಅಂದೆ."

"ಯಾವ ಬೆಲ್ಜಿಯಮ್‌ನವರು?"

ಸೆರ್ವಾಲ್ ನಟಿಸುತ್ತಿರಲಿಲ್ಲ. ಹಣೆ ನಿರಿಗೆ ಮಾಡಿ, ನಲವತ್ತು ತೋಟಗಳ ನೂರಾರು ಮೇಜುಗಳ ನಡುವೆ ಆ ಒಂದು ಮೇಜನ್ನು ನಿಜಕ್ಕೂ ಹುಡುಕುತ್ತಿದ್ದರು, ಅದು ಸಿಗುತ್ತಿರಲಿಲ್ಲ. ಮಾರ್ಸ್ಯಾಲ್ ದಿನವೂ ಎಬ್ಬಿಸಿ, ತೊಳೆದು, ಉಣಿಸಿ ಬೆಳೆಸಿದ ಆ ನಗು ಅದರ ಒಡೆಯನ ಬಳಿ ಒಂದು ದಿನವೂ ಇದ್ದಿರಲಿಲ್ಲ. ಅವನಿಗೆ ಸಿಟ್ಟು ಬರಬೇಕಿತ್ತು. ಬೂಟಿನೊಳಗೆ ಬಹಳ ದಿನದಿಂದ ಇದ್ದ ಕಲ್ಲು ತಾನಾಗಿ ಜಾರಿಹೋದಂತಾಗಿ ಕಾಲು ಅಲ್ಲಾಡಿಸಬೇಕೆನ್ನಿಸಿತು.

"ನಕ್ಕಿದ್ರೆ ತಪ್ಪು," ಎಂದರು ಸೆರ್ವಾಲ್, ಮೇಜಿಗೆ ಹೇಳುವಂತೆ. "ನಾನೂ ಇವತ್ತು ಪೆತಿ ವೆರ್ದೋನ ಕಬೆರ್ನೆ ಅಂದೆ. ಅದೂ ಭಾಷಣ ಸಮೇತ."

"ನನಗೆ ನೀವಿಬ್ಬರೂ ಯಾಕೆ ಒದ್ದಾಡ್ತೀರಿ ಅಂತಾನೇ ಗೊತ್ತಾಗಲ್ಲ," ಎಂದರು ಮದಾಮ್. "ನಾನು ಎರಡನ್ನೂ ಕುಡಿದೆ. ಎರಡೂ ಒಂದೇ. ಎಂಟು ವರ್ಷ ಆಯ್ತು, ಜ್ವರ ಬಂದು ಹೋದಾಗಿಂದ ನನ್ನ ನಾಲಿಗೆಗೆ ಏನೂ ತಿಳಿಯಲ್ಲ. ಬಿಸಿ, ತಣ್ಣಗೆ, ಅಷ್ಟೇ. ನೀವು ಹೇಳಿದ್ದಕ್ಕೆ ತಲೆ ಆಡಿಸ್ತಾ ಬಂದೆ."

ಇಬ್ಬರು ಗಂಡಸರೂ ಆಕೆಯನ್ನು ನೋಡಿದರು. ಎಂಟು ಫೆಬ್ರುವರಿ ಆಕೆ ಅದೇ ಕುರ್ಚಿಯಲ್ಲಿ ಕೂತು, ಒಂದೊಂದು ಗುಟುಕಿಗೂ ಹುಬ್ಬು ಎತ್ತಿ, ಚೆನ್ನಾಗಿದೆ, ಇನ್ನೂ ಸ್ವಲ್ಪ ಮೆರ್ಲೋ ಎಂದೆಲ್ಲ ಅಂದದ್ದು ಮಾರ್ಸ್ಯಾಲನಿಗೆ ಒಂದರ ಹಿಂದೆ ಒಂದು ನೆನಪಾಯಿತು. ಆಕೆ ಕಂಬಳಿ ಎಳೆದುಕೊಂಡು, "ಈಗ ಹೇಳಿ ತಿಬೋ. ನಿಮ್ಮ ನಾಲಿಗೆ ಏನಂತು, ಅದೇ ಆಗಲಿ," ಎಂದರು.

"ನನ್ನ ನಾಲಿಗೆ ಬಲಗಡೆ ಅಂತು," ಎಂದರು ಸೆರ್ವಾಲ್. ಹಾಗನ್ನಲು ಅವರಿಗೆ ಕಷ್ಟವಾಯಿತು; ಆದರೂ ಅಂದರು. "ಆರು ಭಾಗ ಇರಲಿ. ಮೆರ್ಲೋನೂ ಇರಲಿ. ಆ ಸಾಲುಗಳನ್ನ ನನಗೆ ತೋರಿಸ್ತೀರಾ, ಮಾರ್ಸ್ಯಾಲ್?"

ಮಾರ್ಸ್ಯಾಲ್ ಮುಂದೆ, ಸೆರ್ವಾಲ್ ಹಿಂದೆ, ದಿಬ್ಬ ಇಳಿದು ಹೋದರು. ದಾರಿಯುದ್ದಕ್ಕೂ ಮಾರ್ಸ್ಯಾಲನ ಕಾಲು ಒಂದು ಕಡೆ, ತಲೆ ಒಂದು ಕಡೆ. ತನ್ನ ಬಳ್ಳಿ ಉಳಿದದ್ದು ವೈರಿಯ ನಾಲಿಗೆಯಿಂದ, ತನ್ನ ನಾಲಿಗೆ ಅದನ್ನು ಬೇಡವೆಂದಿತ್ತು, ಇದನ್ನು ಯಾವ ಕಡೆಯಿಂದ ಹಿಡಿದು ಎತ್ತಿದರೂ ನಗುವೇ ಉದುರುತ್ತಿತ್ತು. ಒಂದೇ ಒಂದು ಮುಳ್ಳು ಉಳಿದಿತ್ತು, ಇದನ್ನು ನೊಯೆಲಿಗೆ ಹೇಳುವುದು. ಅವಳು ಆ ಸಾಲುಗಳಲ್ಲೇ ಇದ್ದಳು. ಬೆಳಿಗ್ಗೆಯಿಂದ ಸವರಿದ ಕಡ್ಡಿಗಳನ್ನು ಗುಡ್ಡೆ ಹಾಕಿ ಸುಟ್ಟು, ಕೆಂಡದ ಮೇಲೆ ಕಂಬಿಯ ಜಾಲರಿ ಇಟ್ಟು ಸಾಸೇಜು ಬೇಯಿಸುತ್ತಿದ್ದಳು. ಗಂಡನ ಹಿಂದೆ ನಗರದ ಬೂಟಿನಲ್ಲಿ ಕೆಸರು ತುಳಿದುಕೊಂಡು ಬರುತ್ತಿರುವವರನ್ನು ಕಂಡು ಎದ್ದು ನಿಂತಳು. ಕೈಯಲ್ಲಿ ಫೋರ್ಕು ಇತ್ತು.

"ಸಿಕ್ಕಿಬಿದ್ವಾ?" ಎಂದಳು.

"ನಾನೇ ಹೇಳ್ಬಿಟ್ಟೆ."

"ಕುಡಿದಿದೀಯ."

"ಸ್ವಲ್ಪ."

"ಕೀಳ್ತಾರಂತಾ?"

"ಇಲ್ಲ ಮದಾಮ್ ದುಸ್ಸೋ," ಎಂದರು ಸೆರ್ವಾಲ್. "ಮಿಶ್ರಣಕ್ಕೆ ಸೇರಿಸ್ತಿದೀವಿ. ಬಹಳ ಚೆನ್ನಾಗಿ ಬಂದಿದೆ. ಚೀಟಿ ಇಲ್ಲದ ಗ್ಲಾಸಲ್ಲೂ ಗೆದ್ದಿತು."

ಅವಳ ಮುಖ ಅರಳಿತು. ಗಂಡನ ಕಡೆ ತಿರುಗಿ, "ನೀನು ಮೂಸಿದ ಕೂಡಲೇ ಹಿಡಿದಿರ್ತೀಯ," ಎಂದಳು.

ಸೆರ್ವಾಲ್ ಬಾಗಿ ಒಂದು ಬಳ್ಳಿಯ ಕಾಂಡವನ್ನು ನೋಡತೊಡಗಿದರು, ಕೇಳಿಸದವರಂತೆ. ಅವರು ಹೇಳುವುದಿಲ್ಲ ಎಂದು ಮಾರ್ಸ್ಯಾಲನಿಗೆ ತಿಳಿಯಿತು. ಹೂಂ ಅಂದರೆ ಮುಗಿಯಿತು. ಹೊಗೆ ಅವನ ಕಣ್ಣಿಗೆ ಬರುತ್ತಿತ್ತು.

"ನಾನು ಹಿಡೀಲಿಲ್ಲ," ಎಂದ. "ಇವರು ಹಿಡಿದ್ರು. ನಾನು ನಮ್ಮದಿಲ್ಲದ್ದನ್ನ ತೋರಿಸಿದೆ. ಕಣ್ಣಲ್ಲಿ ನೀರು ಬೇರೆ ಬಂದಿತ್ತು."

ನೊಯೆಲಿ ಅವನನ್ನು ನೋಡಿದಳು. ಊದಿದ ಗಿಣ್ಣುಗಳ ಎರಡು ಭಾನುವಾರ ಅವಳ ಮುಖದಲ್ಲಿ ಬಂದು ಹೋದವು. ಮೂರು ವರ್ಷ ಊಟದ ಮೇಜಿನಲ್ಲಿ ಕೇಳಿದ ಸೆರ್ವಾಲ್ ಪುರಾಣವೂ ಬಂದುಹೋಯಿತು. ಆಮೇಲೆ ಅವಳ ತುಟಿಯ ಒಂದು ಮೂಲೆ ಕೆಳಗಿಳಿಯಲು ಹೋಗಿ ಮೇಲಕ್ಕೆ ಬಂತು.

"ನಾಲಿಗೆ ನೆಟ್ಟಗಿರೋರು ನಮ್ಮ ಜೊತೆ ಊಟಕ್ಕೆ ಕೂತ್ಕೊಳ್ಳಲಿ," ಎಂದಳು. ಸೆರ್ವಾಲರಿಗೆ ತಾನು ಕೂತಿದ್ದ ಬುಟ್ಟಿಯನ್ನೇ ಸರಿಸಿ ಕೊಟ್ಟಳು. "ನೀನು ಮನೆಗೆ ಹೋಗಿ ಇನ್ನೊಂದು ತಟ್ಟೆ ತಗೊಂಡ್ಬಾ. ಬೇಗ. ಸಾಸೇಜು ಸೀದೋಗುತ್ತೆ."

ಮಾರ್ಸ್ಯಾಲ್ ಹೊರಟ. ನಾಲ್ಕು ಹೆಜ್ಜೆ ನಡೆದ. ಐದನೆಯದು ತಾನಾಗಿ ಉದ್ದವಾಯಿತು, ಆರನೆಯದು ಇನ್ನೂ ಉದ್ದ, ಆಮೇಲೆ ಅವನು ಓಡುತ್ತಿದ್ದ. ಯಾರೂ ಅಟ್ಟಿಸದೆ, ಏನೂ ಹೊತ್ತಿಕೊಳ್ಳದೆ ಹೀಗೆ ಓಡಿ ಎಷ್ಟು ವರ್ಷವಾಯಿತೋ ನೆನಪಿರಲಿಲ್ಲ. ಏದುಸಿರಿನ ನಡುವೆ ನಗು ಬರುತ್ತಿತ್ತು. ಎರಡೂ ಕಡೆ ಬೋಳು ಬಳ್ಳಿಗಳು ಹಿಂದಕ್ಕೆ ಓಡಿದವು, ಎಡಗಡೆ ಕಂದು ನದಿ ಹೊಳೆಯಿತು, ಮೆರ್ಲೋ ಸಾಲು ಬಂತು, ಜೇಡಿಮಣ್ಣು ಬಂತು, ಬಲಗಾಲಿನ ಬೂಟನ್ನು ಅದು ಹಿಡಿದು ಎಳೆದಿಟ್ಟುಕೊಂಡಿತು. ಅವನು ನಿಲ್ಲಲಿಲ್ಲ. ಕಾಲುಚೀಲದಲ್ಲಿ ಕೆಸರು ತಣ್ಣಗೆ ಇಳಿಯಿತು. ಹಿಂದಿನಿಂದ ನೊಯೆಲಿ ಕೂಗಿದಳು, ಬೂಟು ಅಂದಳೋ ಬ್ರೆಡ್ಡು ಅಂದಳೋ ಗಾಳಿಯಲ್ಲಿ ತಿಳಿಯಲಿಲ್ಲ. ತಿರುಗಿ ನೋಡದೆ ಕೈಯೆತ್ತಿ ಆಯಿತು ಆಯಿತು ಎಂದು ಬೀಸುತ್ತ ಅವನು ಓಡುತ್ತಲೇ ಇದ್ದ.